ಡೊಳ್ಳಯ್ಯನ ಇಬ್ಬರು ಕಾವಲುಗಾರರು

ಮಕ್ಕಳೇ, ದೂರದ ತೆಂಕಣ ಕಡಲಿನಲ್ಲಿ ಒಂದು ಪುಟ್ಟ ದ್ವೀಪವಿತ್ತು. ಹಡಗು ಅಲ್ಲಿಗೆ ಬರುವುದು ವರ್ಷಕ್ಕೊಮ್ಮೆ. ಉಳಿದಂತೆ ಅದು ಹಕ್ಕಿಗಳ ಅಭಯಧಾಮ. ಅಲ್ಲಿ ಡೊಳ್ಳಯ್ಯನೆಂಬ ಪೆಂಗ್ವಿನ್ ಬೆಣಚುಕಲ್ಲು ಒಟ್ಟಿ, ಗೂಡು ಕಟ್ಟಿ, ನೀಲವ್ವನ ಜೊತೆ ಸಂಸಾರ ಹೂಡಿದ್ದ.

ಗೂಡಿನಲ್ಲಿ ಇದ್ದದ್ದು ಒಂದೇ ಮೊಟ್ಟೆ. ಒಬ್ಬರು ಮೀನಿಗೆ ಹೋದರೆ ಇನ್ನೊಬ್ಬರು ಕಾವು ಕೂರಬೇಕು. ಅದು ಅವರ ಕುಲದ ಪದ್ಧತಿ.

ಆ ವರ್ಷ ಹಡಗಿನಿಂದಿಳಿದ ಇಬ್ಬರು ಮನುಷ್ಯರು ಅವನ ಗೂಡಿನೆದುರೇ ಹಗ್ಗ ಕಟ್ಟಿ, ಅದರಾಚೆ ಕೂತರು. ದುರ್ಬೀನಿನಲ್ಲಿ ನೋಡುವುದು, ಪುಸ್ತಕದಲ್ಲಿ ಬರೆಯುವುದು, ಇದೇ ಕೆಲಸ. ಡೊಳ್ಳಯ್ಯ ಮೈ ಕೆರೆದರೂ ಬರೆದರು, ಆಕಳಿಸಿದರೂ ಬರೆದರು. ಅವನ ಎದೆ ಉಬ್ಬಿತು. ಮೊದಲೇ ಉಬ್ಬಿದ ಎದೆ, ಇನ್ನು ಕೇಳಬೇಕೇ!

"ನೋಡಿದೆಯಾ ಅಜ್ಜಿ? ನನ್ನ ಗೂಡಿಗೆ ಇಬ್ಬರು ಕಾವಲುಗಾರರು!" ಎಂದ, ಪಕ್ಕದ ಬಂಡೆಯ ಮುದಿ ನೀರುಕಾಗೆಗೆ.

"ಕಾವಲೂ ಇಲ್ಲ, ಗೀವಲೂ ಇಲ್ಲ ಮಗಾ. ಹಗ್ಗ ದಾಟಬಾರದು, ಯಾವುದಕ್ಕೂ ಕೈ ಹಾಕಬಾರದು ಅನ್ನೋದು ಅವರ ಕಟ್ಟಳೆ. ಹೋದ ವರ್ಷ ನನ್ನ ಗೂಡನ್ನ ಅಲೆ ಎಳ್ಕೊಂಡು ಹೋಯ್ತು. ಆಗಲೂ ಇಂಥವರಿಬ್ಬರು ಬಂದಿದ್ದರು. ನೋಡಿದರು, ಬರ್ಕೊಂಡರು."

"ನಿನ್ನದು ಕಸಕಡ್ಡಿಯ ಗೂಡು ಅಜ್ಜಿ, ನನ್ನದು ಕಲ್ಲಿನ ಮನೆ!" ಎಂದು ಡೊಳ್ಳಯ್ಯ ನಕ್ಕ.

ಮರುದಿನ ನೀಲವ್ವ ಮೀನಿಗೆ ಹೊರಟಳು. "ಮೊಟ್ಟೆ ಬಿಟ್ಟು ಏಳಬೇಡಿ, ನಿಮ್ಮ ದಮ್ಮಯ್ಯ," ಎಂದಳು.

ಅವಳು ನೀರಿಗೆ ಧುಮುಕಿದ್ದೇ ತಡ, ತನ್ನ ನಡಿಗೆಯನ್ನೂ ಅವರು ಬರೆದುಕೊಳ್ಳಲಿ ಅನ್ನಿಸಿತು ಡೊಳ್ಳಯ್ಯನಿಗೆ. ಎದ್ದವನೇ ಹಗ್ಗದುದ್ದಕ್ಕೂ ಮದುಮಗನ ಹಾಗೆ ಹೆಜ್ಜೆ ಹಾಕಿದ.

ಮೇಲಿಂದ ಕಡಲಕಾಗೆಯೊಂದು ಕೇಳಿತು, "ಏನು ಡೊಳ್ಳಯ್ಯನವರೇ, ಮೊಟ್ಟೆ ಒಂಟಿಯಾಗಿದೆಯಲ್ಲ?"

"ಒಂಟಿ ಎಲ್ಲಿ ಬಂತು? ಇಬ್ಬರು ನೋಡ್ಕೊಳ್ತಾ ಇದ್ದಾರೆ!"

"ಹಾಗಾದರೆ ಸರಿ ಬಿಡಿ," ಎಂದಿತು ಕಡಲಕಾಗೆ. ಬಹಳ ಮರ್ಯಾದಸ್ಥ ಹಕ್ಕಿ. ಸೀದಾ ಗೂಡಿಗಿಳಿದು, ಮೊಟ್ಟೆ ಕಚ್ಚಿಕೊಂಡು ಹಾರಿಹೋಯಿತು.

"ಅಯ್ಯಯ್ಯೋ! ಹಿಡೀರಿ ಸ್ವಾಮೀ, ಹಿಡೀರಿ!" ಡೊಳ್ಳಯ್ಯ ಹಗ್ಗದ ಮುಂದೆ ಬಾಯಿ ಬಾಯಿ ಬಡಿದುಕೊಂಡ. ಒಬ್ಬನ ಕಣ್ಣಲ್ಲಿ ನೀರಾಡಿತು. ಇನ್ನೊಬ್ಬ ಗಡಿಯಾರ ನೋಡಿದ. ಆಮೇಲೆ ಇಬ್ಬರೂ ಬರೆದುಕೊಂಡರು.

ಸಂಜೆ ನೀಲವ್ವ ಬಂದಳು. ಬರಿಗೂಡು ನೋಡಿ ಕಲ್ಲುಗಳ ಸಂದಿಯನ್ನೆಲ್ಲ ಕೊಕ್ಕಿನಿಂದ ಕೆದಕಿದಳು. "ಮೊಟ್ಟೆ ಎಲ್ಲಿ?"

ಡೊಳ್ಳಯ್ಯ ತಲೆ ತಗ್ಗಿಸಿದ. "ಅವರು ಎಲ್ಲ ನೋಡಿದ್ದಾರೆ ಕಣೇ. ಯಾರು ಬಂದರು, ಯಾವ ಹೊತ್ತಿಗೆ, ಯಾವ ಕಡೆ ಹಾರಿದರು, ಒಂದೂ ಬಿಡದೆ ಪುಸ್ತಕದಲ್ಲಿದೆ."

"ಹಾಗಾದರೆ ಹೋಗಿ," ಎಂದಳು ನೀಲವ್ವ, "ಆ ಪುಸ್ತಕದ ಮೇಲೇ ಕಾವು ಕೂತ್ಕೊಳ್ಳಿ."

ನೀತಿ: ನೋಡುವವರೆಲ್ಲ ಕಾಯುವವರಲ್ಲ.