ಅರವತ್ತೆರಡು ಪ್ರಶ್ನೆ

ಗದಗದ ಒಂದು ಸಣ್ಣ ಆಸ್ಪತ್ರೆಯಲ್ಲಿ ಚೀಟಿ ಬರೆಯುವ ಕೆಲಸ ನೀಲವ್ವನದು. ಒಂದು ಸೋಮವಾರ ಅಲ್ಲಿಗೆ ಕಂಪ್ಯೂಟರ್ ಬಂತು. ಅದನ್ನು ಕಲಿಸಲು ಪ್ರಹ್ಲಾದ ಸಾಹೇಬರೂ ಬಂದರು.

"ಇನ್ನು ಚೀಟಿ ಇಲ್ಲ. ಪ್ರತಿ ರೋಗಿಗೂ ಅರವತ್ತೆರಡು ಪ್ರಶ್ನೆ ಕೇಳಿ ತುಂಬಬೇಕು. ಒಂದು ಬಿಟ್ಟರೂ ಡಾಕ್ಟರ ಹತ್ತಿರ ಕಳಿಸುವಂತಿಲ್ಲ," ಎಂದರು ಸಾಹೇಬರು.

ಎದುರಿನ ಬೆಂಚುಗಳ ತುಂಬ ಜನ. ಮುಂದೆ ನಿಂತ ತಾಯಿಯ ತೋಳಲ್ಲಿ ಕೂಸು ಜ್ವರದಿಂದ ನರಳುತ್ತಿತ್ತು.

"ನಾ ಇನ್ನೂ ಕಲಿತಿಲ್ರಿ," ಎಂದು ನೀಲವ್ವ ಕೂಸಿಗೆ ಚೀಟಿ ಬರೆದು ಒಳಗೆ ಕಳಿಸಿದಳು. "ಈಗ ನೀವ ರೋಗಿ ಆಗ್ರಿ ಸರ್. ಕೇಳಿ ಕೇಳಿ ಕಲೀತೀನಿ."

ಸಾಹೇಬರು ಖುಷಿಯಿಂದ ಕುಳಿತರು. ನೀಲವ್ವ ಕೊನೆಯ ಬೆಂಚಿಗೂ ಕೇಳುವ ದನಿಯಲ್ಲಿ ಶುರು ಮಾಡಿದಳು. ಹೆಸರು, ವಯಸ್ಸು, ತೂಕ.

"ಕುಡೀತೀರೇನ್ರಿ?"

"ಯಾವಾಗಲಾದರೊಮ್ಮೆ."

"ವಾರಕ್ಕ ಎಷ್ಟು ಸಲ ಅಂತ ಕೇಳ್ತದ್ರಿ."

ಬೆಂಚುಗಳ ಮೇಲಿದ್ದವರೆಲ್ಲ ಮುಂದಕ್ಕೆ ಬಾಗಿದರು.

ಹತ್ತೊಂಬತ್ತನೆಯ ಪ್ರಶ್ನೆ ಬಂತು. "ದಿನಾ ಸಂಡಾಸಕ್ಕ ಸರಿ ಆಗ್ತದೇನ್ರಿ?"

ಸಾಹೇಬರು ಮೆಲ್ಲಗೆ ಏನೋ ಅಂದರು.

"ಕೇಳಿಸ್ಲಿಲ್ರಿ."

"ಎರಡು ದಿನಕ್ಕೊಮ್ಮೆ ಅಂತವ್ವಾ," ಎಂದು ಹತ್ತಿರ ಕುಳಿತಿದ್ದ ಮುದುಕ ಸಹಾಯ ಮಾಡಿದ.

"ಇದನ್ನ ಬಿಟ್ಟುಬಿಡಿ," ಎಂದರು ಸಾಹೇಬರು.

"ಒಂದು ಬಿಟ್ರೂ ಡಾಕ್ಟರ ಕಡೆ ಕಳಿಸೂಹಂಗಿಲ್ಲಲ್ರಿ. ಎಲ್ಲಾರನ್ನೂ ಹಿಂಗ ಇಲ್ಲೇ ಕೇಳಬೇಕ್ರಿ."

ಸಾಹೇಬರು ಕಂಪ್ಯೂಟರನ್ನು ತಮ್ಮತ್ತ ತಿರುಗಿಸಿಕೊಂಡು ಪ್ರಶ್ನೆಗಳನ್ನು ಅಳಿಸತೊಡಗಿದರು. ಕೊನೆಗೆ ಹೆಸರು, ವಯಸ್ಸು, ಊರು, ಫೋನು, ತೊಂದರೆ ಏನು ಎಂಬ ಐದು ಉಳಿದವು. ಅಳಿಸಿದ್ದನ್ನು ಡಾಕ್ಟರು ಒಳಗೆ ಕೇಳಿಕೊಳ್ಳಲಿ ಎಂದರು. ನೀಲವ್ವ ಅರ್ಧ ಗಂಟೆಯಲ್ಲಿ ಕಲಿತಳು.

ಸಾಹೇಬರು ವರದಿ ಬರೆದರು: "ಇಲ್ಲಿಯ ಸಿಬ್ಬಂದಿಗೆ ಹೆಚ್ಚಿನ ತರಬೇತಿ ಬೇಕಿಲ್ಲ."