ನುಂಗಿದ ಕೂಗು

ಹೊಳೆಯ ದಂಡೆಯಲ್ಲಿ ಒಂದು ಗುಡಿ. ಮೇಲೆ ಶಿಲುಬೆ ಇರುವ ಗುಡಿ. ಅಲ್ಲಿ ಇಬ್ಬರು ಗುರುಗಳಿದ್ದರು.

ಹಿರಿಯರು ಇನ್ನಾಸಪ್ಪ ಸ್ವಾಮಿ. ಎಪ್ಪತ್ತಾರು ವರ್ಷ. ಊರವರಿಗೆ ಅವರು ದೊಡ್ಡ ಸ್ವಾಮಿ. ಕಿರಿಯವನು ಜ್ಞಾನಪ್ರಕಾಶ, ಗುರುದೀಕ್ಷೆಯಾಗಿ ಎಂಟು ತಿಂಗಳಾಗಿತ್ತು. ಅವನು ಚಿಕ್ಕ ಸ್ವಾಮಿ. ಹಿರಿಯರ ಕೈಕೆಳಗೆ ನಾಲ್ಕು ದಿನ ಪಳಗಲಿ ಎಂದು ಬಿಷಪರು ಕಳುಹಿಸಿದ್ದರು.

ಪುಸ್ತಕದಲ್ಲಿ ಇರುವುದನ್ನೆಲ್ಲ ಅವನು ಕಲಿತೇ ಬಂದಿದ್ದ. ತೊಂದರೆ ಶುರುವಾದದ್ದೂ ಅಲ್ಲಿಂದಲೇ.

ಆ ಗುಡಿಯಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ, ಪೂಜೆಯ ಕೊನೆಯಲ್ಲಿ, ಹುಡುಗ ಹುಡುಗಿಯ ಹೆಸರನ್ನು ಎಲ್ಲರ ಮುಂದೆ ಓದುತ್ತಾರೆ. "ಈ ಮದುವೆಗೆ ಅಡ್ಡಿಯೇನಾದರೂ ಇದ್ದರೆ, ತಿಳಿದವರು ಬಂದು ತಿಳಿಸಿ" ಎನ್ನುತ್ತಾರೆ. ಊರವರು ಇದಕ್ಕೆ ಕೂಗು ಅನ್ನುತ್ತಾರೆ. ಮೂರು ಕೂಗಾದರೆ ಅರ್ಧ ಮದುವೆ ಆದ ಹಾಗೆಯೇ. ಚಪ್ಪರಕ್ಕೆ ಹೇಳಿಬಿಡುತ್ತಾರೆ.

ವಿಧವೆ ಆರೋಗ್ಯಮ್ಮನ ಮಗಳು ಫಿಲೋಮಿನಳಿಗೆ ಎರಡು ಕೂಗು ಆಗಿದ್ದವು. ಹುಡುಗ ಪಕ್ಕದೂರಿನ ಅರುಳಪ್ಪನ ಮಗ ಸಿರಿಲ್.

ಮೂರನೆಯ ಭಾನುವಾರ ದೊಡ್ಡ ಸ್ವಾಮಿಗೆ ಜ್ವರ. ಚಿಕ್ಕ ಸ್ವಾಮಿಯೇ ಪೂಜೆ ಮಾಡಿದ. ಕೊನೆಯಲ್ಲಿ ಪ್ರಕಟಣೆಗಳನ್ನು ಓದಿದ. ಮಕ್ಕಳ ಧರ್ಮೋಪದೇಶದ ಪರೀಕ್ಷೆ ಯಾವತ್ತು ಎಂದು ಓದಿದ. ಗುಡಿಗೆ ಸುಣ್ಣ ಬಳಿಯಲು ಯಾರು ಬರಬೇಕು ಎಂದು ಓದಿದ. ಯಾರೋ ಬಿಟ್ಟುಹೋದ ಒಂದು ಕೊಡೆಯ ವಿಷಯವನ್ನೂ ಓದಿದ.

ಫಿಲೋಮಿನಳ ಹೆಸರು ಓದಲಿಲ್ಲ. ಕೊಡೆಗೆ ಸಿಕ್ಕ ಮರ್ಯಾದೆ ಆ ಹುಡುಗಿಗೆ ಸಿಗಲಿಲ್ಲ.

ಮಧ್ಯಾಹ್ನ ಆರೋಗ್ಯಮ್ಮ ಗುರುಮನೆಯ ಬಾಗಿಲಿಗೆ ಬಂದು ನಿಂತಳು.

"ಯಾಕ್ ಸ್ವಾಮಿ ಕೂಗ್ನಿಲ್ಲ?"

"ಸ್ವಲ್ಪ ವಿಚಾರಣೆ ಇದೆಯಮ್ಮಾ. ಮುಂದೆ ನೋಡೋಣ."

"ಏನು ಇಚಾರ್ಣೆ?"

"ಅದನ್ನು ಹೇಳುವ ಹಾಗಿಲ್ಲ."

"ನನ್ಗೆ ಹೇಳಂಗಿಲ್ಲ! ನಲ್ಲಿ ತಾವ ಎಲ್ರಿಗೂ ಗೊತ್ತದೆ. ನನ್ ಮಗ್ಳು ಪಟ್ಣದಾಗೆ ಯಾವನ್ ಜೊತೇಲೋ ಎರಡು ವರ್ಸ ಇದ್ಲಂತೆ. ಬೀಗ್ರು ಆಗ್ಲೇ ಫೋನ್ ಮಾಡ್ಬುಟ್ರು, ಚಪ್ರುಕ್ಕೆ ಈಗ್ಲೇ ಹೇಳ್ಬೇಡಿ ಅಂತ. ಈ ಮದ್ವೆ ಮುರುದ್ರೆ ಇನ್ಯಾರ್ ಬತ್ತಾರೆ ಸ್ವಾಮಿ ನನ್ ಮಗೀನ್ ಕೇಳ್ಕೊಂಡು?"

ಒಳಗಿನ ಕೋಣೆಯಿಂದ ದೊಡ್ಡ ಸ್ವಾಮಿ ಕಂಬಳಿ ಹೊದ್ದುಕೊಂಡೇ ಎದ್ದು ಬಂದರು.

"ಇದ್ದದ್ದು ನಿಜ ತಾನೇ ಆರೋಗ್ಯಮ್ಮ, ಗಂಡಸಿನ ಮನೆಯಲ್ಲಿ?"

"ಏನ್ ಸ್ವಾಮಿ ನೀವೂ ಹಿಂಗಂತೀರಿ? ನೀವೇ ಅಲ್ವ್ರಾ ಕಳ್ಸಿದ್ದು?"

"ನಾನೇ ಕಳಿಸಿದ್ದು," ಎಂದರು ದೊಡ್ಡ ಸ್ವಾಮಿ, ಶಿಷ್ಯನ ಕಡೆ ತಿರುಗಿ. "ಆ ಗಂಡಸಿಗೆ ಎಂಬತ್ತೆರಡು ವರ್ಷ. ಒಂದು ಮಗ್ಗುಲು ಬಿದ್ದುಹೋಗಿತ್ತು. ಹೆತ್ತ ಮಕ್ಕಳು ಮೂಗು ಮುಚ್ಚಿಕೊಂಡು ಹೊರಗೆ ನಿಲ್ಲುತ್ತಿದ್ದರು. ಇವಳು ಎರಡು ವರ್ಷ ಅವನ ಹೇಲು ಉಚ್ಚೆ ಬಳಿದಳು. ಸಾಯುವಾಗ ಬಾಯಿಗೆ ನೀರು ಬಿಟ್ಟವಳೂ ಇವಳೇ."

ಚಿಕ್ಕ ಸ್ವಾಮಿಯ ಮುಖ ಬಿಳಿಚಿಕೊಂಡಿತು.

"ನೀನು ಮನೆಗೆ ಹೋಗಮ್ಮಾ," ಎಂದರು ದೊಡ್ಡ ಸ್ವಾಮಿ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಹೋದಳು.

ದೊಡ್ಡ ಸ್ವಾಮಿ ಕಂಬಳಿ ಕಿತ್ತು ಕುರ್ಚಿಯ ಮೇಲೆ ಎಸೆದರು. ಜ್ವರ ಆಗಲೇ ಇಳಿದಿತ್ತು. ಇದು ಸಿಟ್ಟು.

"ಯಾರು ಹೇಳಿದರು ನಿನಗೆ?"

"ಕಾಗದ ಬಂದಿತ್ತು ಸ್ವಾಮಿ. ಶುಕ್ರವಾರ. ಬಾಗಿಲ ಸಂದಿಯಲ್ಲಿ ತೂರಿಸಿ ಹೋಗಿದ್ದರು."

"ಯಾರದು?"

"ಹೆಸರಿಲ್ಲ. 'ಇಂತಿ ಧರ್ಮದ ಹಿತೈಷಿ' ಎಂದಿದೆ."

"ಅಡ್ಡಿ ತಿಳಿದವರು ಬಂದು ತಿಳಿಸಿ ಅಂತ ಕೂಗುತ್ತೇವೆ. ಬಂದನಾ ಇವನು?"

"ಇಲ್ಲ."

"ಬಾಗಿಲು ಹಾರು ಹೊಡೆದಿರುವಾಗ ಸಂದಿಯಲ್ಲಿ ಬರುವುದು ಜಿರಳೆ. ಜಿರಳೆಯ ಮಾತು ಕೇಳಿ ಮದುವೆ ನಿಲ್ಲಿಸಿದೆಯಾ?"

"ನಿಯಮ ಇದೆಯಲ್ಲ ಸ್ವಾಮಿ. ಸಂಶಯ ಬಂದರೆ ವಿಚಾರಿಸಬೇಕು ಅಂತ."

"ಸರಿ. ಯಾರನ್ನು ವಿಚಾರಿಸಿದೆ?"

"ಗಾನವೃಂದದ ಮೇಷ್ಟ್ರನ್ನು. ಜಪಮಾಲೆ ಸಂಘದ ಅಧ್ಯಕ್ಷೆಯನ್ನು. ಇಬ್ಬರೇ. ಅದೂ ಗುಟ್ಟಾಗಿ."

ಇಬ್ಬರೂ ಭಕ್ತರೇ, ಅದರಲ್ಲಿ ಅನುಮಾನವಿಲ್ಲ. ಭಕ್ತರ ಬಾಯಿಂದ ಹೊರಟ ಗಾಳಿಸುದ್ದಿಯನ್ನು ಯಾರೂ ಗಾಳಿಸುದ್ದಿ ಅನ್ನುವುದಿಲ್ಲ. "ಪಾಪ, ಆ ಹುಡುಗಿಗಾಗಿ ಪ್ರಾರ್ಥಿಸಿ" ಎಂದು ಹೇಳುತ್ತಲೇ ಊರೆಲ್ಲ ಹಂಚಿದ್ದರು.

"ನನ್ನನ್ನು ಯಾಕೆ ಕೇಳಲಿಲ್ಲ? ಪಕ್ಕದ ಕೋಣೆಯಲ್ಲೇ ಬಿದ್ದುಕೊಂಡಿದ್ದೆನಲ್ಲ?"

"ನಿಮಗೆ ಜ್ವರ. ತೊಂದರೆ ಕೊಡಬಾರದು ಅಂತ."

"ಹುಡುಗಿಯನ್ನು?"

"ಹೆಣ್ಣುಮಗಳನ್ನು ಅಂಥ ಮಾತು ಹೇಗೆ ಕೇಳುವುದು ಸ್ವಾಮಿ? ಸಂಕೋಚವಾಯಿತು."

"ಅವಳನ್ನು ಕೇಳುವುದಕ್ಕೆ ಸಂಕೋಚ. ಅವಳ ವಿಷಯ ಕಂಡವರ ಹತ್ತಿರ ಆಡುವುದಕ್ಕೆ ಸಂಕೋಚವಿಲ್ಲ!"

ಶಿಷ್ಯ ತಲೆ ತಗ್ಗಿಸಿದ. ಆದರೂ ಸೋಲಲು ಮನಸ್ಸಿಲ್ಲ.

"ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ ಅಂತಾರಲ್ಲ ಸ್ವಾಮಿ."

"ಆಡುತ್ತದಯ್ಯಾ. ಅವಳ ಮನೆಯಲ್ಲಿ ಬೆಂಕಿಯಿರಲಿಲ್ಲ; ಧೂಪದ ಬಟ್ಟಲು ಹಿಡಿದು ಮನೆಮನೆ ಸುತ್ತಿದವನೇ ನೀನು."

"ನಾನು ಒಂದು ಕೆಟ್ಟ ಮಾತೂ ಆಡಲಿಲ್ಲ ಸ್ವಾಮಿ. ಹೆಸರು ಓದದೆ ಬಿಟ್ಟೆ, ಅಷ್ಟೇ."

"ಎರಡು ಸಲ ಕೂಗಿ ಮೂರನೆಯದನ್ನು ನುಂಗಿದೆಯಲ್ಲ, ಅದಕ್ಕಿಂತ ದೊಡ್ಡ ಕೂಗು ಈ ಗುಡಿಯಲ್ಲಿ ಯಾವತ್ತೂ ಆಗಿಲ್ಲ. ನಿನ್ನ ಹೆಸರು ಜ್ಞಾನಪ್ರಕಾಶ ಬೇರೆ!"

ಶಿಷ್ಯ ಜೇಬಿಗೆ ಕೈ ಹಾಕಿದ.

"ಆ ಕಾಗದ ಸುಟ್ಟುಬಿಡಲೇ ಸ್ವಾಮಿ?"

"ಬೇಡ, ಇಲ್ಲಿ ಕೊಡು. ಬರುವ ಭಾನುವಾರ ಪೂಜೆ ನೀನೇ ಮಾಡು. ಪ್ರಕಟಣೆ ನಾನು ಓದುತ್ತೇನೆ."

ಆ ವಾರವೆಲ್ಲ ಫಿಲೋಮಿನ ನಡುಮಧ್ಯಾಹ್ನದ ಬಿಸಿಲಲ್ಲಿ ನೀರಿಗೆ ಹೋದಳು. ಆ ಹೊತ್ತಿನಲ್ಲಿ ನಲ್ಲಿಯ ಹತ್ತಿರ ಯಾರೂ ಇರುವುದಿಲ್ಲ. ಅವಳ ಮಾನ ಹರಾಜು ಹಾಕಿದವರು ಎಂದಿನಂತೆ ಬೆಳಗಿನ ತಂಪಿನಲ್ಲೇ ಕೊಡ ತುಂಬಿಕೊಂಡು ಹೋಗುತ್ತಿದ್ದರು. ಇದನ್ನು ಹೇಳುವಾಗ ನನಗೆ ಈಗಲೂ ಮೈ ಉರಿಯುತ್ತದೆ.

ಭಾನುವಾರ ಗುಡಿ ತುಂಬಿತ್ತು. ಅಷ್ಟು ಜನ ಹಬ್ಬಕ್ಕೂ ಬರುವುದಿಲ್ಲ. ಹುಡುಗನ ತಂದೆ ಅರುಳಪ್ಪನೂ ಪಕ್ಕದೂರಿನಿಂದ ಬಂದು ಗಂಡಸರ ಸಾಲಿನಲ್ಲಿ ಕೂತಿದ್ದ.

ಪೂಜೆ ಮುಗಿಯುತ್ತಾ ಬಂತು. ದೊಡ್ಡ ಸ್ವಾಮಿ ಎದ್ದು ನಿಂತು ಕನ್ನಡಕ ಏರಿಸಿದರು.

"ಮೂರನೆಯ ಮತ್ತು ಕೊನೆಯ ಪ್ರಕಟಣೆ. ದಿವಂಗತ ಮರಿಯಪ್ಪ ಮತ್ತು ಆರೋಗ್ಯಮ್ಮನವರ ಮಗಳು ಫಿಲೋಮಿನ. ಅರುಳಪ್ಪನವರ ಮಗ ಸಿರಿಲ್. ಇವರ ಮದುವೆಗೆ ಅಡ್ಡಿ ತಿಳಿದವರು ಬಂದು ತಿಳಿಸಿ."

ಯಾರೂ ಎದ್ದು ಬರಲಿಲ್ಲ.

"ಇನ್ನೊಂದು ಮದುವೆಯಿದೆ," ಎಂದು ಅವರು ಜೇಬಿನಿಂದ ಕಾಗದ ತೆಗೆದು ಮೇಲೆ ಹಿಡಿದರು. "ಇದು ಮೊದಲನೆಯ ಪ್ರಕಟಣೆ. ವರ, ಈ ಕಾಗದ. ಇವನಿಗೆ ಅಪ್ಪನ ಹೆಸರಿಲ್ಲ, ಅಮ್ಮನ ಹೆಸರಿಲ್ಲ, ಊರಿಲ್ಲ. ವಧು, ಈ ಗುಡಿಯ ಕಿವಿ. ಅವಳು ನಮ್ಮೆಲ್ಲರ ಮನೆಯ ಮಗಳು. ಇಬ್ಬರೂ ಒಪ್ಪಿದ್ದಾರೆ. ಒಪ್ಪುವುದೇನು, ಮದುವೆಗೂ ಕಾಯದೆ ಹತ್ತು ದಿನದಿಂದ ಸಂಸಾರ ಮಾಡುತ್ತಿದ್ದಾರೆ. ಮಕ್ಕಳೂ ಆಗಿವೆ. ನಲ್ಲಿಯ ಹತ್ತಿರ ಒಂದು, ಟೀ ಅಂಗಡಿಯಲ್ಲಿ ಎರಡು."

ಹಿಂದೆ ಯಾರೋ ಕಿಸಕ್ಕೆಂದರು. ದೊಡ್ಡ ಸ್ವಾಮಿ ಆ ಕಡೆ ನೋಡಿದರು. ನಗು ಅಲ್ಲಿಗೇ ನಿಂತಿತು.

"ಈ ಮದುವೆಗೆ ಅಡ್ಡಿ ತಿಳಿದವರು ಬಂದು ತಿಳಿಸಿ."

ಅವರು ಕಾದರು. ಗಾನವೃಂದದ ಮೇಷ್ಟ್ರು ಹಾಡಿನ ಪುಸ್ತಕದಲ್ಲಿ ಇಲ್ಲದ ಹಾಡು ಹುಡುಕುತ್ತಿದ್ದರು. ಅಧ್ಯಕ್ಷೆಯ ಬೆರಳು ಜಪಮಾಲೆಯ ಒಂದೇ ಮಣಿಯ ಮೇಲೆ ನಿಂತುಬಿಟ್ಟಿತ್ತು.

"ಯಾರೂ ಇಲ್ಲವೇ? ಬಡವಿಯ ಮಗಳ ಮದುವೆಗೆ ಅಡ್ಡಿ ಬೇಕೆಂದರೆ ರಾತ್ರಿ ಬೆಳಗಾಗುವುದರಲ್ಲಿ ಸಿಗುತ್ತದೆ. ಸುಳ್ಳಿನ ಮದುವೆಗೆ ಇಷ್ಟು ಜನರಲ್ಲಿ ಒಬ್ಬರ ಹತ್ತಿರವೂ ಒಂದು ಅಡ್ಡಿ ಇಲ್ಲವೇ? ನಾಚಿಕೆಯಾಗಬೇಕು ನಮಗೆ!"

ಹೆಂಗಸರ ಸಾಲಿನಲ್ಲಿ ಫಿಲೋಮಿನ ಎದ್ದು ನಿಂತಳು. ತಾಯಿ ಸೆರಗು ಹಿಡಿದು ಜಗ್ಗಿದಳು. ಅವಳು ಕೂರಲಿಲ್ಲ.

"ಅಡ್ಡಿ ನಂಗೊತ್ತು ಸ್ವಾಮಿ."

"ಹೇಳಮ್ಮಾ."

"ಆ ಕಾಗ್ದ ನನ್ ವಿಷ್ಯ ಬರ್ದಿರೋದು. ನಾನು ಇದೇ ಊರಲ್ಲಿ, ಇದೇ ಬೀದೀಲಿ ಇದ್ದೆ. ಎಲ್ರೂ ಎಲ್ರುನ್ನೂ ಕೇಳುದ್ರು. ನನ್ನ ಒಬ್ರೂ ಕೇಳ್ನಿಲ್ಲ. ಅದೇ ಅಡ್ಡಿ."



ಅರುಳಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದು ಎದ್ದ.

"ಸ್ವಾಮಿ, ನಮ್ ಕಡೆಯಿಂದ ಅಡ್ಡಿ ಏನೂ ಇಲ್ಲ. ಚಪ್ರುಕ್ಕೆ ಹೇಳ್ಬುಡ್ಲಿ."

"ನಿಮ್ ಕಡೆಯಿಂದ ಇಲ್ಲ ಮಾವ," ಎಂದಳು ಫಿಲೋಮಿನ. "ಫೋನ್ ಮಾಡ್ದಾಗ ಇತ್ತು. ಈಗ ನನ್ ಕಡೆಯಿಂದ ಐತೋ ಇಲ್ವೋ ನಾನು ಯೋಚ್ನೆ ಮಾಡ್ಬೇಕು. ಸಿರಿಲ್ ಬಂದು ನನ್ನೇ ಕೇಳ್ಲಿ."

ನ್ಯಾಯ ಅವಳ ಕಡೆಗಿತ್ತು. ಅರುಳಪ್ಪ ಟವೆಲ್ ಮತ್ತೆ ಹೆಗಲಿಗೆ ಹಾಕಿಕೊಂಡು ಕೂತ.

"ಅಡ್ಡಿ ಸಿಕ್ಕಿತು," ಎಂದರು ದೊಡ್ಡ ಸ್ವಾಮಿ. "ಈ ಮದುವೆಗೆ ಇನ್ನೆರಡು ಪ್ರಕಟಣೆ ಇರುವುದಿಲ್ಲ." ಕಾಗದವನ್ನು ನಾಲ್ಕು ಚೂರು ಮಾಡಿ ಜೇಬಿಗೆ ಹಾಕಿಕೊಂಡರು.

ಜನ ಚದುರಿದರು. ಫಿಲೋಮಿನ ತಾಯಿಯ ಕೈ ಹಿಡಿದು ನಡುಬಾಗಿಲಿನಿಂದಲೇ ಹೊರಗೆ ಹೋದಳು. ಇಬ್ಬರು ಹೆಂಗಸರು ಮಾತಾಡಿಸಲು ಬಂದರು. ಅವಳು ನಿಲ್ಲಲಿಲ್ಲ.

ಪೀಠದ ಪಕ್ಕದ ಕೋಣೆಯಲ್ಲಿ ಶಿಷ್ಯ ಪೂಜೆಯ ಉಡುಪು ಕಳಚಿ ಮಡಿಸಿಟ್ಟ. ಅವನ ಮನಸ್ಸು ಹಗುರಾಗಿತ್ತು.

"ಒಳ್ಳೆಯದಾಯಿತು ಸ್ವಾಮಿ. ಮೂರನೆಯ ಕೂಗೂ ಆಯಿತು, ಊರಿಗೆ ಬುದ್ಧಿಯೂ ಬಂತು."

ಗುರು ಕುರ್ಚಿಯಲ್ಲಿ ಕೂತು ಕನ್ನಡಕ ಒರೆಸಿದರು.

"ಆದರೆ ಆ ಹುಡುಗಿ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಇಷ್ಟೆಲ್ಲ ಆದ ಮೇಲೆ ಕ್ಷಮಿಸಿಬಿಡಬಾರದೇ?"

ಗುರು ಕನ್ನಡಕವನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಿದರು.

"ನಾನು ಪಶ್ಚಾತ್ತಾಪಪಟ್ಟಿದ್ದೇನೆ ಸ್ವಾಮಿ. ಇವತ್ತು ಪೂಜೆಯ ಆರಂಭದಲ್ಲಿ 'ನನ್ನ ಪಾಪವೇ, ನನ್ನ ಪಾಪವೇ, ನನ್ನ ಮಹಾಪಾಪವೇ' ಎನ್ನುವಾಗ ಬರೀ ಬಾಯಿಮಾತಿಗೆ ಹೇಳಲಿಲ್ಲ. ಮೂರು ಸಲವೂ ನೋಯುವ ಹಾಗೆ ಎದೆ ಬಡಿದುಕೊಂಡೆ. ದೇವರು ನೋಡಿದ್ದಾನೆ."

ದೊಡ್ಡ ಸ್ವಾಮಿ ಎದ್ದು ಹೊರಗೆ ಹೋದರು. ಬರುವಾಗ ಅವರ ಕೈಯಲ್ಲಿ ಶಿಷ್ಯನ ಚಪ್ಪಲಿಗಳಿದ್ದವು. ಮೇಜು ಹಿಡಿದುಕೊಂಡು, ಮಂಡಿ ನೋವಿಗೆ ಮುಖ ಕಿವಿಚಿಕೊಂಡು ಬಗ್ಗಿದರು. ಎರಡನ್ನೂ ಅವನ ಪಾದದ ಮುಂದೆ ಜೋಡಿಸಿಟ್ಟರು.

ಶಿಷ್ಯ ಗಾಬರಿಯಿಂದ ಹಿಂದೆ ಸರಿದ.

"ಅಯ್ಯೋ ಸ್ವಾಮಿ! ನೀವು ಇದೇನು ಮಾಡುತ್ತಿದ್ದೀರಿ?"

"ಬಡಿದುಕೊಂಡದ್ದು ನಿನ್ನ ಎದೆ. ಪೆಟ್ಟು ಬಿದ್ದದ್ದು ಆ ಮಗುವಿಗೆ. ಅವಳು ಇದೇ ಬೀದಿಯಲ್ಲಿದ್ದಾಳೆ. ಮೆಟ್ಟಿಕೋ."