ಕುಂಕುಮ ಹಚ್ಚಿಸಿಕೊಂಡ ಏಡಿ

ಇದನ್ನು ಮೊದಲು ಹೇಳಿದ್ದು ಸೀಗಡಿ ಸುಲಿಯುವ ಬೊಮ್ಮಜ್ಜಿ. ನಿನಗೆ ಯಾರು ಹೇಳಿದರಜ್ಜಿ ಎಂದರೆ ಸಮುದ್ರದ ಕಡೆ ಗದ್ದ ಎತ್ತಿ ತೋರಿಸುತ್ತಿದ್ದಳು.

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ. ಎಲ್ಲಿಗೆ ಬಂದು ನಿಲ್ಲಬೇಕೆಂದು ಸಮುದ್ರಕ್ಕೇ ಸರಿಯಾಗಿ ಗೊತ್ತಿರಲಿಲ್ಲ. ಹವಳದ ಬಂಡೆಯ ಮೇಲೆ ಒಂದು ಏಡಿ ಇತ್ತು. ನುಣ್ಣಗೆ, ದುಂಡಗೆ, ಬೆಳ್ಳಗೆ. ಕಾಲು ಮಡಚಿ ಕೂತರೆ ಥೇಟ್ ಕಲ್ಲು.

ಒಂದು ಮುಸ್ಸಂಜೆ ನೀರು ಇಳಿದಾಗ ಸೋಮಿ ಎಂಬವಳು ಬಂಡೆಗೆ ನಡೆದು ಬಂದಳು. ಗಾಳಿಗೆ ಸಿಕ್ಕ ಅವಳ ಗಂಡನ ದೋಣಿ ಮರಳಿರಲಿಲ್ಲ. ಕಾಲು ಮಡಚಿ ಕೂತಿದ್ದ ಏಡಿಯನ್ನೇ ದೇವರ ಕಲ್ಲೆಂದುಕೊಂಡು, ಅಳುಗಣ್ಣಿನಲ್ಲಿ ಅದರ ಬೆನ್ನಿಗೆ ಬೆರಳೊತ್ತಿ ಒತ್ತಿ ಕುಂಕುಮ ಹಚ್ಚಿದಳು.

"ಸ್ವಾಮಿ, ನಮ್ಮವರು ನೀರಲ್ಲಿ ಎಲ್ಲೇ ಇರಲಿ, ಮನೆಬಾಗಿಲಿಗೆ ತಂದು ಬಿಡು."

ಏಡಿ ಮಿಸುಕಲಿಲ್ಲ. ಅವಳು ಹೋದ ಮೇಲೆ ಅಲೆಯನ್ನು ಕರೆಯಿತು. "ನಾನು ದೇವರಲ್ಲ ಮಾರಾಯ್ತಿ. ಇದನ್ನೊಂದು ತೊಳೆದುಬಿಡು."

ಅಲೆ ತೊಳೆಯಿತು. ಹೋಗಲಿಲ್ಲ. ಮತ್ತೆ ತೊಳೆಯಿತು. ಹೋಗಲಿಲ್ಲ.

"ಹಚ್ಚಿಸಿಕೊಳ್ಳುವಾಗ ಹಾಯಾಗಿ ಕೂತಿದ್ದೆಯಲ್ಲ," ಎಂದಿತು ಅಲೆ. "ಈಗ ಹೋಗಿ ಹುಡುಕು."

ಏಡಿ ಆಳಕ್ಕೆ ಇಳಿಯಿತು. ಬಂಡೆಯ ಪೊಟರೆ ಪೊಟರೆಗೂ ಇಣುಕಿ, ಮುಳುಗಿಹೋದವರನ್ನೆಲ್ಲ ಕೇಳಿತು, "ಸೋಮಿಯ ಗಂಡ ನೀನೇನಾ?" ಕೇಳಿ ಮುಂದಿನ ಪೊಟರೆಗೆ ಹೋಯಿತು.

ಇತ್ತ ಸೋಮಿಯ ಗಂಡ ಬೇರಾವುದೋ ದಡ ಸೇರಿ, ನಡೆದುಕೊಂಡೇ ಮನೆಗೆ ಬಂದು, ಮೀನು ಸಾರಿಗೆ ಹುಳಿ ಸಾಲದು ಎಂದು ಗೊಣಗುತ್ತ ಉಣ್ಣುತ್ತಿದ್ದ. ಅದನ್ನು ಏಡಿಗೆ ಹೇಳುವವರು ಯಾರು?

ಕಟ್ಟಕಡೆಯ ಪೊಟರೆಯಲ್ಲಿ ಒಂದು ದನಿ ನಿಧಾನವಾಗಿ, "ಹೌದು, ನಾನೇ," ಎಂದಿತು.

ಏಡಿ ಅವನನ್ನು ಕರೆದುಕೊಂಡು ಸೋಮಿಯ ಅಂಗಳಕ್ಕೆ ಬಂತು. ಬೆನ್ನ ಹಿಂದೆ ಟಪ್ ಟಪ್ ಎಂದು ನೀರು ತೊಟ್ಟಿಕ್ಕುತ್ತಿತ್ತು.

"ಬಾಗಿಲು ತೆಗಿ ಸೋಮಿ. ನಾನು," ಎಂದ ಹಿಂದೆ ಬಂದವನು.

ಬಾಗಿಲ ಸಂದಿಯಲ್ಲಿ ಸೋಮಿಯ ಒಂದು ಕಣ್ಣು ಕಾಣಿಸಿತು. ಅದು ಮೇಲೆ ನೋಡಿತು, ಕೆಳಗೆ ನೋಡಿತು, ಏಡಿಯ ಬೆನ್ನ ಮೇಲಿದ್ದ ತನ್ನದೇ ಬೆರಳ ಗುರುತುಗಳನ್ನು ನೋಡಿತು.

"ಯಾರೇ ಅದು?" ಒಳಗಿನಿಂದ ಗಂಡಸಿನ ದನಿ.

"ಯಾರೂ ಅಲ್ಲ, ನೀವು ಉಣ್ಣಿ." ಆಮೇಲೆ ಸಂದಿಗೆ ಬಾಯಿಟ್ಟು ಪಿಸುಗುಟ್ಟಿದಳು, "ಸ್ವಾಮಿ, ನಮ್ಮವರು ಬಂದಾಯಿತು. ಇವರನ್ನು ಇವರ ಮನೆಗೆ ಬಿಟ್ಟುಬಿಡು."

ಏಡಿ ತಿರುಗಿ ನೋಡಿತು. "ನಿನ್ನ ಮನೆ ಎಲ್ಲಪ್ಪಾ?"

"ಮರೆತುಹೋಗಿದೆ," ಎಂದ ಒದ್ದೆ ಮನುಷ್ಯ. "ನಡಿ, ಹುಡುಕೋಣ."

ಹವಳದ ಬಂಡೆಯ ಆ ಏಡಿಯ ಬೆನ್ನ ಮೇಲೆ ಇಂದಿಗೂ ಬೆರಳೊತ್ತಿದಂಥ ಕೆಂಪು ಚುಕ್ಕೆಗಳಿರುವುದು ಅದಕ್ಕೇ. ಕತ್ತಲಾದ ಮೇಲೆ ಹೊರಬಂದು, ಪೊಟರೆ ಪೊಟರೆಗೂ ನಿಂತು ನಿಂತು ಹೋಗುವುದೂ ಅದಕ್ಕೇ. ಹಿಂದೆ ಬರುವವನಿಗೆ ದಾರಿ ತಪ್ಪಬಾರದಲ್ಲ, ಅದಕ್ಕೇ ಅಷ್ಟು ನಿಧಾನ.

ಮುಟ್ಟಿದರೆ ಕಾಲು ಮಡಚಿ ಕಲ್ಲಾಗಿಬಿಡುತ್ತದೆ. ನೋಡು, ಬೇಕಾದರೆ ಮೆಲ್ಲಗೆ ಸವರು. ಆದರೆ ಏನನ್ನೂ ಕೇಳಿಕೊಳ್ಳಬೇಡ. ನಿನ್ನ ಜೊತೆ ಕಡಲಿಗೆ ಬರುವವರಿಗೂ ಇಷ್ಟು ಹೇಳಿಡು.